ದೆಹಲಿ–ಟೋಕಿಯೊ: ದೂರ ಎಷ್ಟು? ಹೋಗೋಕೆ ಒಂದು ಸಮಯ, ಬರೋಕೆ ಇನ್ನೊಂದು ಯಾಕೆ?

ದಾರಿಹೋಕ:
ದೆಹಲಿಯಿಂದ ಟೋಕಿಯೊಗೆ ಒಂದು ಕಡೆ 5,840 ಕಿ.ಮೀ. ಅಂತಿದೆ, ಇನ್ನೊಂದು ಕಡೆ 5,910. ಯಾವುದನ್ನು ನಂಬೋದು? ನೇರ ವಿಮಾನಕ್ಕೆ ಹೋಗುವಾಗ ಎಂಟು ಗಂಟೆಗಿಂತ ಕಡಿಮೆ, ಬರುವಾಗ ಒಂಬತ್ತೂವರೆ ತೋರಿಸ್ತಿದೆ. ದಾರಿ ಒಂದೇ ತಾನೇ?

ಅಕ್ಷಾಂಶ:
ಎರಡೂ ಸರಿ, ಅಳೆದ ತುದಿಗಳು ಬೇರೆ ಅಷ್ಟೇ. ನಗರದ ಮಧ್ಯದಿಂದ ಮಧ್ಯಕ್ಕೆ ಸುಮಾರು 5,840. ಟೋಕಿಯೊಗೆ ಎರಡು ವಿಮಾನ ನಿಲ್ದಾಣ, ಹನೇಡಾ ಮತ್ತು ನರಿಟಾ. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದಿಂದ ಹನೇಡಾಗೆ 5,860ರ ಆಸುಪಾಸು, ನರಿಟಾಗೆ 5,910. ಇವೆಲ್ಲ ಗೋಳದ ಮೇಲಿನ ಅತಿ ಹತ್ತಿರದ ದಾರಿಯ ಲೆಕ್ಕ. ವಿಮಾನ ಹಾರುವುದು ಇದಕ್ಕಿಂತ ಹೆಚ್ಚು.

ಕಾರಣ ಟಿಬೆಟ್. ಹತ್ತಿರದ ದಾರಿ ನೇರವಾಗಿ ಅದರ ಮೇಲೇ ಹಾದುಹೋಗುತ್ತೆ. ಕ್ಯಾಬಿನ್ನಿನ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ಬೇಗನೆ 10,000 ಅಡಿಗೆ ಇಳಿಯಬೇಕು, ಆದರೆ ಅಲ್ಲಿ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 15,000 ಅಡಿ ಎತ್ತರದಲ್ಲಿದೆ. ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಬರುವುದು 12ರಿಂದ 22 ನಿಮಿಷ. ಅದಕ್ಕೇ ದಕ್ಷಿಣಕ್ಕೆ ಬಳಸಿ ಹೋಗೋದು. ಲೆಕ್ಕಕ್ಕೆ 6,200 ಕಿ.ಮೀ. ಹಿಡಿದುಕೊಳ್ಳಿ.

ಮೇಲ್ಗಾಳಿ:
ಸಮಯದ ವ್ಯತ್ಯಾಸಕ್ಕೆ ಜೆಟ್ ಸ್ಟ್ರೀಮ್ ಕಾರಣ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಮೇಲ್ಮಟ್ಟದ ಗಾಳಿ ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು.

ದಾರಿಯುದ್ದಕ್ಕೂ ಸರಾಸರಿ 100 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. ವಿಮಾನದ ವೇಗ 900. ಗಾಳಿಯೇ ಇಲ್ಲದಿದ್ದರೆ 6,200 ಕಿ.ಮೀ.ಗೆ 6 ಗಂಟೆ 53 ನಿಮಿಷ. ಬೆನ್ನಿಗೆ ಗಾಳಿ ಇದ್ದರೆ 6:12, ಎದುರಿಗೆ ಇದ್ದರೆ 7:45. ಗಮನಿಸಿ, ಅದೇ ಗಾಳಿ ಉಳಿಸಿದ್ದು 41 ನಿಮಿಷ, ತಿಂದದ್ದು 52. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತೆ, ಅದಕ್ಕೇ ನಷ್ಟ ಜಾಸ್ತಿ.

ಇದಕ್ಕೆ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಅದರ ಮೇಲೆ ವಿಳಂಬಕ್ಕೆಂದು ಕಂಪನಿಗಳು ಒಂದಿಷ್ಟು ಸಮಯ ಕೂಡಿಸಿರುತ್ತವೆ. ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ, ಆಕಾಶದಲ್ಲಿರುವ ಸಮಯವಷ್ಟೇ ಅಲ್ಲ. ಚಳಿಗಾಲ, ಬೇಸಿಗೆಯ ವೇಳಾಪಟ್ಟಿಗಳಲ್ಲಿ ಇದು ಬದಲಾಗುತ್ತೆ, ನಿಮ್ಮ ತಾರೀಖಿನದನ್ನೇ ನೋಡಿ.

ಗಡಿಯಾರ:
ಹೊರಡುವ, ತಲುಪುವ ಎರಡೂ ಸಮಯ ಆಯಾ ಊರಿನದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಎರಡೂ ದೇಶಗಳಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಆದ್ದರಿಂದ ವರ್ಷಪೂರ್ತಿ ಇಷ್ಟೇ. ದೆಹಲಿಯಿಂದ ರಾತ್ರಿ 8ಕ್ಕೆ ಹೊರಟು 7:45 ಗಂಟೆ ಹಾರಿದರೆ ಅಲ್ಲಿ ಮರುದಿನ ಬೆಳಿಗ್ಗೆ 7:15. ಟೋಕಿಯೊದಿಂದ ಬೆಳಿಗ್ಗೆ 11:30ಕ್ಕೆ ಹೊರಟು 9:30 ಗಂಟೆ ಹಾರಿದರೆ ಇಲ್ಲಿ ಅದೇ ದಿನ ಸಂಜೆ 5:30. ತಲುಪುವ ಸಮಯದ ಪಕ್ಕದ ‘+1’ (ಅಂದರೆ ಮರುದಿನ) ನೋಡದೆ ಹೋಟೆಲನ್ನು ಹೊರಡುವ ದಿನಕ್ಕೇ ಬುಕ್ ಮಾಡಿದರೆ ಒಂದು ರಾತ್ರಿಯ ಬಾಡಿಗೆ ದಂಡ.

ದಾರಿಹೋಕ:
ಈಗ ಸ್ಪಷ್ಟವಾಯ್ತು. ಹನೇಡಾ, ನರಿಟಾ ಎರಡಕ್ಕೂ ಒಂದೇ ದರ ಇದ್ದರೆ?

ಅಕ್ಷಾಂಶ:
ಟೋಕಿಯೊ ನಗರಕ್ಕೇ ಹೋಗುವುದಾದರೆ ಹನೇಡಾ, ಯೋಚನೆಯೇ ಬೇಡ. ಅಲ್ಲಿಂದ ಕೇಕ್ಯೂ ರೈಲು ಅಥವಾ ಮೊನೊರೈಲಿನಲ್ಲಿ ಅರ್ಧ ಗಂಟೆಯೊಳಗೆ ನಗರದಲ್ಲಿರುತ್ತೀರಿ. ನರಿಟಾ ಸುಮಾರು 60 ಕಿ.ಮೀ. ಆಚೆ, ನರಿಟಾ ಎಕ್ಸ್‌ಪ್ರೆಸ್ಸಿನಲ್ಲೂ ಹೆಚ್ಚುಕಡಿಮೆ ಒಂದು ಗಂಟೆ. ಮುಂದಿನ ವಿಮಾನ ಹಿಡಿಯಬೇಕಿದ್ದರೆ ಮಾತ್ರ ಅದು ಯಾವ ನಿಲ್ದಾಣದಿಂದ ಅಂತ ಮೊದಲು ನೋಡಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವಂತಿದ್ದರೆ ಇಮಿಗ್ರೇಷನ್ ಮುಗಿಸಿ, ಲಗೇಜ್ ತೆಗೆದುಕೊಂಡು ಊರು ದಾಟಬೇಕು. ಅದಕ್ಕೆ ಜಪಾನ್ ವೀಸಾನೂ ಕೈಯಲ್ಲಿರಬೇಕು.