ಹಳೇ ಗಾಜಿನ ಗೋಲಿ ಸಿಕ್ಕಿದೆ, ಪಾಲಿಶ್ ಮಾಡಿಸ್ಲಾ?

ಪ್ರಶ್ನೆ: ನಮಸ್ತೆ ಮೇಡಂ, ನಾವಿರೋದು ಅಮೆರಿಕದ ಓಹಾಯೋದಲ್ಲಿ, ಆಕ್ರನ್ ಹತ್ರ. ಹೋದ ವಾರ ನಮ್ಮ ಬೀದೀಲಿ ವಯಸ್ಸಾದೋರೊಬ್ರ ಮನೆ ಸಾಮಾನೆಲ್ಲ ಮಾರ್ತಿದ್ರು, ಒಂದು ಬಿಸ್ಕೆಟ್ ಡಬ್ಬಿ ತುಂಬ ಗೋಲಿ ಇತ್ತು, ದಾವಣಗೆರೇಲಿ ಆಡ್ತಿದ್ದ ದಿನ ನೆನಪಾಗಿ ತಗೊಂಡ್ಬಿಟ್ಟೆ. ಒಂದು ದಪ್ಪದ್ದು, ಸುಮಾರು 40 ಮಿ.ಮೀ., ಒಳಗೆ ಬಿಳೀ ದಾರದ ಬಲೆ ತಿರುಚ್ಕೊಂಡ ಹಾಗಿದೆ, ಹೊರಗಡೆ ಕೆಂಪು ಹಸಿರು ಪಟ್ಟಿ. ಇನ್ನೊಂದಿಷ್ಟು ಚಿಕ್ಕವು, ಕಂದು ಬಿಳಿ ಕಲಸಿದ ಹಾಗಿವೆ. ದಪ್ಪದ್ದರ ಮೇಲೆ ಗೀರು ಜಾಸ್ತಿ, ಒಬ್ರು ಪಾಲಿಶ್ ಮಾಡ್ಕೊಡ್ತೀನಿ ಅಂದ್ರು. ಮಾಡಿಸ್ಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ಪಾಲಿಶ್ ಅಂದ್ರೆ ಮೇಲಿನ ಗಾಜು ಉಜ್ಜಿ ತೆಗೆಯೋದು, ಅದರ ಜೊತೆ ಗೋಲಿಯ ಗುರುತೇ ಹೋಗ್ಬಿಡುತ್ತೆ. ಆ ಗುರುತು ಯಾವ್ದು ಅಂದ್ರೆ, ಗೋಲೀನ ನಿಧಾನಕ್ಕೆ ತಿರುಗಿಸಿ, ಪಟ್ಟಿಗಳೆಲ್ಲ ಹೋಗಿ ಸೇರೋ ಎರಡು ತುದಿ ಬೆರಳಲ್ಲಿ ಸವರಿ ನೋಡಿ. ಒರಟಾಗಿ ಹೊಕ್ಕುಳ ಥರ ಕೈಗೆ ಸಿಕ್ತಾ? ಅದಕ್ಕೆ ಪಾಂಟಿಲ್ ಅಂತಾರೆ, ಕೈಯಲ್ಲಿ ಮಾಡಿದ ಗೋಲಿ ಅಂತ ಅರ್ಥ. ಜರ್ಮನಿಯ ಥುರಿಂಗಿಯಾದಲ್ಲಿ ಲೌಷಾ ಅಂತ ಗಾಜಿನ ಕೆಲಸದೋರ ಊರು, 1840ರ ದಶಕದಿಂದ ಅಲ್ಲಿ ಬಣ್ಣದ ಗಾಜಿನ ಕೋಲು ಕಾಯಿಸಿ, ತಿರುಚಿ, ಬಟ್ಟಲಿರೋ ಕತ್ತರೀಲಿ ದುಂಡಗೆ ಮಾಡಿ ಕತ್ತರಿಸ್ತಿದ್ರು, ಕತ್ತರಿಸಿದ ಕಡೆ ಉಳಿದ ಕಲೆ ಅದು. ನೀವು ಹೇಳಿದ ಬಲೆ ಇದೆಯಲ್ಲ, ಲ್ಯಾಟಿಚಿನೊ ಅಂತಾರೆ, ಬಿಳಿ ಬಲೆ ಬೇಕಾದಷ್ಟು ಸಿಗುತ್ತೆ, ಹಳದಿ ಅಷ್ಟು ಸಿಗಲ್ಲ, ಕೆಂಪು ನೀಲಿ ನಿಜವಾಗ್ಲೂ ಅಪರೂಪ. ಆದ್ರೆ ನಿಮ್ಮದು 40 ಮಿ.ಮೀ. ಅಂತೀರಿ, ಆಡೋ ಗೋಲಿ 16 ಮಿ.ಮೀ. ಆಸುಪಾಸು ಇರೋದು, ಅಷ್ಟು ದಪ್ಪ ಅಂದ್ರೆ ಗೀರಿದ್ರೂ ಕೇಳೋರಿದಾರೆ.

ಆ ಕಂದು ಬಿಳಿಯವು ಸ್ಲ್ಯಾಗ್ ಇರ್ಬೇಕು, ಅಂದ್ರೆ ಬಣ್ಣದ ಗಾಜಿಗೆ ಬಿಳಿ ಗಾಜು ಕಲಸಿ ಮಾಡಿದ ಗೋಲಿ, ಅದು ನಿಮ್ಮೂರ ಕಥೆ! ಆಕ್ರನ್‌ನ ಮಾರ್ಟಿನ್ ಕ್ರಿಸ್ಟೆನ್ಸನ್ ಅನ್ನೋರು 1905ರಲ್ಲಿ ಗುಂಡು ಉರುಳಿಸೋ ಮಷೀನಿಗೆ ಪೇಟೆಂಟ್ ತಗೊಂಡ್ರು. ಕಾದ ಗಾಜನ್ನ ಕಂಬೀಲಿ ಎತ್ತಿ ಮಷೀನಿಗೆ ಬಿಡೋದು ಇನ್ನೂ ಕೈಕೆಲಸಾನೇ, ಅದಕ್ಕೇ ಅವರ ಒಳ್ಳೇ ಗೋಲಿಗಳ ಒಂದು ತುದೀಲಿ ಬಿಳಿ ಗೆರೆ 9 ಬರೆದ ಹಾಗೆ ಸುತ್ಕೊಂಡಿರುತ್ತೆ, ಇನ್ನೊಂದು ತುದೀಲಿ ಬಾಲ. ಅದು ಕಂಡ್ರೆ ಬೇರೆ ಎತ್ತಿಡಿ. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿ ಮಾಲು ನಿಂತ್ಮೇಲೆ ಅಮೆರಿಕದ ಮಷೀನ್ ಗೋಲಿಗಳದ್ದೇ ಜೋರು.

ಬಿಸಿನೀರಲ್ಲಿ ಮಾತ್ರ ಹಾಕ್ಬೇಡಿ, ಹಳೇ ಗಾಜು ಸೀಳುತ್ತೆ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಬಟ್ಟೆ ಸಾಕು, ಒಂದೊಂದನ್ನೇ ಒರೆಸಿ, ಡಬ್ಬೀಲಿ ಒಂದಕ್ಕೊಂದು ತಾಗೋ ಹಾಗೆ ಇಡ್ಬೇಡಿ.

ಇನ್ನೊಬ್ರು: ಮೇಡಂ, ನಮ್ಮಜ್ಜಿ ಮನೇಲಿ (ತುಮಕೂರು) ತಿಳಿ ಹಸಿರು ಗೋಲಿ ನಾಲ್ಕಿವೆ, ಪಟ್ಟಿ ಏನೂ ಇಲ್ಲ, ಬೆಲೆ ಬರುತ್ತಾ? ಇನ್ನೊಂದು ಕಡೆ ಇಂಡಿಯನ್ ಅನ್ನೋ ಗೋಲಿಗೆ ಒಳ್ಳೇ ರೇಟ್ ಅಂತ ಓದಿದೆ, ನಮ್ಮ ದೇಶದ್ದಾ ಅದು?

ಉತ್ತರ: ಅಲ್ಲ, ಅದೂ ಜರ್ಮನಿಯದ್ದೇ, ಕಪ್ಪು ಗಾಜಿನ ಮೇಲೆ ಬಣ್ಣದ ಪಟ್ಟಿ ಇರೋ ಬಗೆಗೆ ಸಂಗ್ರಹಕಾರರು ಇಟ್ಟ ಹೆಸರು. ನಿಮ್ಮವು ಹೆಚ್ಚಾಗಿ ಗೋಲಿ ಸೋಡಾ ಬಾಟಲಿಯೊಳಗಿನವು. ಲಂಡನ್ನಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಮಾಡಿದ ಬಾಟಲಿ ಅದು, ಗ್ಯಾಸು ಗೋಲೀನ ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತೆ. ಬಿಡಿ ಗೋಲಿಗೆ ಕಾಸು ಬರಲ್ಲ ಅಮ್ಮ, ಹಳೇ ಬಾಟಲಿ ಒಡೆಯದೇ ಅಟ್ಟದ ಮೇಲೇನಾದ್ರೂ ಇದ್ರೆ ಅದರ ಫೋಟೊ ಹಾಕಿ, ತಳದಲ್ಲಿ ಅಕ್ಷರ ಇದ್ರೆ ಅದನ್ನೂ.

ಮೊದಲು ಕೇಳಿದವರು: ಮೇಡಂ, ಎರಡೂ ತುದೀಲಿ ಒರಟಿದೆ! ಪಾಲಿಶ್‌ನೋರಿಗೆ ಬೇಡ ಅಂದೆ.