ತಮ್ಮನ ಬಂಧನವಾಗಿದೆ, ಎಫ್‌ಐಆರ್‌ನಲ್ಲಿರುವ ಕಲಂಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ

ಗದ್ದೆಯ ಬದುವಿನ ವಿಚಾರಕ್ಕೆ ಪಕ್ಕದ ಜಮೀನಿನವರ ಜೊತೆ ಗಲಾಟೆಯಾಗಿ ನಿನ್ನೆ ರಾತ್ರಿ ನನ್ನ ತಮ್ಮನನ್ನು ಪೊಲೀಸರು ಬಂಧಿಸಿದ್ದಾರೆ. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ ಕಲಂ 115(2), 118(1), 352, 351(2) ಜೊತೆಗೆ 3(5) ಅಂತ ಬರೆದಿದೆ. ಎಲ್ಲ ಕೂಡಿದರೆ ಎಂಟು ವರ್ಷ ಜೈಲು ಅಂತ ಒಬ್ಬರು ಹೆದರಿಸುತ್ತಾರೆ, ದಂಡ ಕಟ್ಟಿದರೆ ಮುಗೀತು ಅಂತ ಇನ್ನೊಬ್ಬರು. ಅಮ್ಮ ಊಟ ಬಿಟ್ಟು ಕೂತಿದ್ದಾರೆ. ಕರ್ನಾಟಕದ ಕೋರ್ಟುಗಳಲ್ಲಿ ಓಡಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ತಾಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ

ಎಂಟು ವರ್ಷದ ಮಾತನ್ನು ಮೊದಲು ಅಮ್ಮನ ತಲೆಯಿಂದ ತೆಗೆಯಿರಿ. ಕಲಂ ಎದುರಿಗೆ ಇರುವುದು ಗರಿಷ್ಠ ಶಿಕ್ಷೆ, ಕೊಟ್ಟೇ ಕೊಡುವ ಶಿಕ್ಷೆ ಅಲ್ಲ. ಒಂದೇ ಗಲಾಟೆಯ ಹಲವು ಕಲಂಗಳಲ್ಲಿ ಶಿಕ್ಷೆಯಾದರೂ ಅವೆಲ್ಲ ಏಕಕಾಲಕ್ಕೆ ಜಾರಿಯಾಗಲಿ ಎಂದೇ ನ್ಯಾಯಾಧೀಶರು ಸಾಮಾನ್ಯವಾಗಿ ಬರೆಯುತ್ತಾರೆ. ಒಂದರ ನಂತರ ಒಂದು ಅನುಭವಿಸಬೇಕು ಎನ್ನುವ ಅಧಿಕಾರ ಅವರಿಗೆ ಇದೆ, ಆದರೆ ಇಂಥ ಕೇಸಿನಲ್ಲಿ ಅದು ಅಪರೂಪ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿರುವುದರಿಂದ ಹಳಬರಿಗೂ ನಂಬರುಗಳು ಗೊಂದಲವಾಗುತ್ತಿವೆ. 115(2) ಎಂದರೆ ಕೈಯಿಂದ ಹೊಡೆದು ನೋವು ಮಾಡಿದ್ದು, ಹಳೆಯ 323. ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 352 ಹಳೆಯ 504, ಬೈದು ಕೆಣಕಿದ್ದು. 351(2) ಹಳೆಯ 506ರ ಮೊದಲ ಭಾಗ, ಬೆದರಿಕೆ. ಈ ಎರಡಕ್ಕೂ ಎರಡು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 3(5)ಕ್ಕೆ ಪ್ರತ್ಯೇಕ ಶಿಕ್ಷೆಯೇ ಇಲ್ಲ. ಹಳೆಯ 34 ಅದು, ಇಬ್ಬರು ಮೂವರು ಒಂದೇ ಉದ್ದೇಶದಿಂದ ಮಾಡಿದರು ಎಂದು ಸೇರಿಸುತ್ತಾರೆ.

ನೀವು ನೋಡಬೇಕಾದದ್ದು 118(1). ಹಳೆಯ 324, ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಮೂರು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಿಕ್ಕ ಮೂರೂ ಜಾಮೀನು ಸಿಗಲೇಬೇಕಾದ ಅಪರಾಧಗಳು. ತಮ್ಮ ಒಳಗಿರುವುದು ಈ ಒಂದು ಕಲಮಿನಿಂದ, ಏಕೆಂದರೆ ಇದು ಜಾಮೀನುರಹಿತ. ಈ ಮಾತಿಗೆ ಜನ ವಿನಾಕಾರಣ ಎದೆ ಒಡೆದುಕೊಳ್ಳುತ್ತಾರೆ. ಠಾಣೆಯಲ್ಲಿ ಹಕ್ಕಾಗಿ ಕೇಳುವಂತಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ವಾದಿಸಬೇಕು, ಅಷ್ಟೇ. ದೊಣ್ಣೆಯೋ, ಕುಡುಗೋಲೋ, ಬರೀ ಕೈಯೋ ಎಂಬುದೇ ಆಗ ವಾದದ ವಿಷಯವಾಗುತ್ತದೆ, ಆದ್ದರಿಂದ ದೂರಿನಲ್ಲಿ ಯಾವ ಆಯುಧದ ಹೆಸರಿದೆ ಎಂದು ಒಂದೊಂದು ಸಾಲನ್ನೂ ಓದಿ.

ಇವತ್ತೇ ಆಗಬೇಕಾದ ಕೆಲಸ ಇನ್ನೊಂದಿದೆ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಬಂಧನಕ್ಕೆ ಕಾರಣ ಏನೆಂದು ತಮ್ಮನಿಗೆ ತಿಳಿಸಿರಬೇಕು, ಮನೆಯವರಿಗೂ ಸುದ್ದಿ ಮುಟ್ಟಿಸಿರಬೇಕು. ಕಾರಣಗಳನ್ನು ಬರವಣಿಗೆಯಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟಿದ್ದಾರಾ ನೋಡಿ. ಪೊಲೀಸರು ಬರೆಯುವ ಬಂಧನದ ಮೆಮೊದಲ್ಲಿರುವ ಸಮಯವೂ ನಿಜವಾಗಿ ಕರೆದೊಯ್ದ ಸಮಯವೂ ಒಂದೇನಾ ಎಂದು ತಾಳೆ ಹಾಕಿ, ವ್ಯತ್ಯಾಸ ಇದ್ದರೆ ನಿಮ್ಮ ವಕೀಲರಿಗೆ ಹೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ತಾನೇತಾನಾಗಿ ಆಗಬಾರದು, ಅಗತ್ಯ ಏನೆಂದು ಪೊಲೀಸರು ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಜಾಮೀನು ಅರ್ಜಿಯಲ್ಲಿ ಆ ಮಾತು ಬರಲಿ.

ಅಣ್ಣನ ಕೇಸಿಗೆ ಓಡಾಡಿದವರು

ಮೇಡಂ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಸೇರಿಸುತ್ತೇನೆ, ಯಾಕೆಂದರೆ ಅದನ್ನು ನಮಗೆ ಯಾರೂ ಮುಂಚೆ ಹೇಳಿರಲಿಲ್ಲ. ಎಫ್‌ಐಆರ್‌ನ ಕಲಂ ಕೊನೆಯವರೆಗೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಮೊದಲು ಸಾದಾ ಗಾಯ ಅಂತ ಇತ್ತು. ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟ್ ಬಂದಾಗ ಎದುರಿನವರ ಮುಂಗೈ ಮೂಳೆ ಮುರಿದಿದೆ ಅಂತಾಯಿತು, ಕೇಸಿನ ತೂಕವೇ ಬದಲಾಯಿತು. ಮೂಳೆ ಅಥವಾ ಹಲ್ಲು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. 15 ದಿನ ತೀವ್ರ ನೋವಿನಲ್ಲಿದ್ದರೂ ಅಥವಾ ನಿತ್ಯದ ಕೆಲಸ ಮಾಡಲಾಗದೆ ಇದ್ದರೂ ಅದೇ. ಆಗ 117(2) ಬಂದರೆ ಏಳು ವರ್ಷದವರೆಗೆ. ಆಯುಧವೂ ಇದೆ ಎಂದರೆ 118(2), ಕನಿಷ್ಠ ಒಂದು ವರ್ಷ, ಹತ್ತು ವರ್ಷದವರೆಗೆ ಅಥವಾ ಜೀವಾವಧಿ. ಹಾಗಾಗಿ ಎದುರಿನವರು ಎಲ್ಲಿ ಅಡ್ಮಿಟ್ ಆಗಿದ್ದಾರೆ, ಎಕ್ಸ್‌ರೇ ಆಗಿದೆಯಾ ಅನ್ನುವುದು ವಕೀಲರಿಗೆ ಇವತ್ತೇ ತಿಳಿದಿರಲಿ. ಹಾಗಂತ ಆಸ್ಪತ್ರೆಗೆ ನೀವೇ ಹೋಗಿ ಅವರನ್ನು ಮಾತಾಡಿಸಬೇಡಿ. ಸಾಕ್ಷಿಗೆ ಬೆದರಿಕೆ ಅಂತ ಅದೇ ಇನ್ನೊಂದು ದೂರಾಗುತ್ತದೆ.

ನಿಮ್ಮ ತಮ್ಮನಿಗೂ ಪೆಟ್ಟಾಗಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವಾಗ ಬಾಯಿ ಬಿಟ್ಟು ಹೇಳಲಿ. ಎಷ್ಟೋ ಹುಡುಗರು ಆ ಹೊತ್ತಿಗೆ ಸುಮ್ಮನೆ ನಿಂತುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ದಂಡ ಕಟ್ಟಿ ಮುಗಿಸಿ ಎನ್ನುವವರ ಮಾತಿಗೂ ಬೀಳಬೇಡಿ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯಾದ ಕೇಸು. ಸರ್ಕಾರಿ ನೌಕರಿಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಆ ಒಂದು ಸಾಲು ಕಾಡುತ್ತದೆ. ನಿಮ್ಮ ತಮ್ಮ ಇನ್ನೂ ಓದುತ್ತಿದ್ದರೆ ವಕೀಲರನ್ನು ಇದೊಂದು ವಿಷಯ ಗಟ್ಟಿಯಾಗಿ ಕೇಳಿ.

ಕಾನೂನು ನೆರವಿನ ಪ್ಯಾನೆಲ್‌ನಲ್ಲಿರುವವರು

ವಕೀಲರಿಗೆ ದುಡ್ಡಿಲ್ಲ ಅಂತ ತಡ ಮಾಡಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗಬೇಕು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ಕೋರ್ಟ್ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಜಾಮೀನು ಆದೇಶವಾದ ಮೇಲೂ ಎಷ್ಟೋ ಜನ ಜೈಲಿನಲ್ಲೇ ಉಳಿಯುವುದು ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರು, ಸಿದ್ಧವಿಲ್ಲದೆ. ಪಹಣಿ ಇರುವ ನೆಂಟರೊಬ್ಬರನ್ನು ಆಧಾರ್ ಸಮೇತ ಇವತ್ತೇ ಒಪ್ಪಿಸಿಟ್ಟುಕೊಳ್ಳಿ. ಹೊಸ ಪಹಣಿ ತೆಗೆಸಿ, ಹಳೆಯದನ್ನು ಕೋರ್ಟ್ ಆಫೀಸಿನಲ್ಲಿ ವಾಪಸ್ ಕಳಿಸಬಹುದು.

ಜಾಮೀನು ತಿರಸ್ಕಾರವಾದರೆ ಸೆಷನ್ಸ್ ಕೋರ್ಟ್ ಇದೆ, ಅದಾದ ಮೇಲೆ ಹೈಕೋರ್ಟ್. ಅಷ್ಟರಲ್ಲಿ ಇನ್ನೊಂದು ಗಡುವು ನೆನಪಿರಲಿ. ಈಗಿರುವ ಕಲಂಗಳಲ್ಲಿ 60 ದಿನದೊಳಗೆ ದೋಷಾರೋಪ ಪಟ್ಟಿ (ಚಾರ್ಜ್‌ಶೀಟ್) ಬರದಿದ್ದರೆ ಜಾಮೀನು ಅವನ ಹಕ್ಕು. 118(2) ಸೇರಿದರೆ ಅದು 90 ದಿನವಾಗುತ್ತದೆ. ಆದರೆ ಗಡುವು ಮುಗಿದ ಕೂಡಲೇ ಅರ್ಜಿ ಹಾಕಬೇಕು. ಪಟ್ಟಿ ಬಂದುಬಿಟ್ಟ ಮೇಲೆ ಕೇಳಿದರೆ ಆ ಹಕ್ಕು ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮಧ್ಯಾಹ್ನ ಮೂರು ಗಂಟೆಗೆ ಹಾಜರುಪಡಿಸುತ್ತಾರಂತೆ, ಚಿಕ್ಕಪ್ಪ ಪಹಣಿ ತರಲು ನಾಡಕಚೇರಿಗೆ ಹೋಗಿದ್ದಾರೆ. ಎದುರಿನವರ ಮನೆಯ ಹಿರಿಯರು ರಾಜಿಗೆ ಒಪ್ಪುವ ಹಾಗಿದ್ದಾರೆ. ರಾಜಿಯಾದರೆ ಠಾಣೆಯಲ್ಲೇ ಮುಗಿಯುತ್ತದಾ?

ಅದೇ ವಕೀಲೆ

ಠಾಣೆಯಲ್ಲಿ ಮುಗಿಯುವುದಿಲ್ಲ, ಎಫ್‌ಐಆರ್ ಆಗಿದೆ. 115(2), 352, 351(2) ಕೋರ್ಟಿನ ಮುಂದೆಯೇ ಗಾಯಾಳು ರಾಜಿ ಮಾಡಿಕೊಳ್ಳಬಹುದಾದ ಕಲಂಗಳು. 118(1) ಹಾಗೆ ರಾಜಿಯಾಗುವ ಕಲಂ ಅಲ್ಲ, ಅದು ಉಳಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 528ರಡಿ ಹೈಕೋರ್ಟಿಗೆ ಹೋಗಿ ಇಡೀ ಕೇಸನ್ನೇ ರದ್ದು ಮಾಡಿಸುವ ದಾರಿ ಇದೆ. ನಿಮ್ಮ ಜಿಲ್ಲೆ ಎಲ್ಲಿ ಬರುತ್ತದೆ ನೋಡಿ, ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಬಿಳಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು ಹಣ ಕೈ ಬದಲಾಯಿಸುವ ರಾಜಿಗೆ ಹೋಗಬೇಡಿ. ಮಾತುಕತೆ ಎರಡೂ ಕಡೆಯ ವಕೀಲರ ಮೂಲಕವೇ ಆಗಲಿ, ಅದೂ ಜಾಮೀನಾದ ಮೇಲೆ. ಈಗ ಮೂರು ಗಂಟೆಗೆ ಮೊದಲೇ ಕೋರ್ಟಿನಲ್ಲಿರಿ. ವಕೀಲರನ್ನು ನೇಮಿಸುವ ವಕಾಲತ್ತಿಗೆ ತಮ್ಮನ ಸಹಿ ಆಗಬೇಕು, ಜಾಮೀನು ಅರ್ಜಿಗೆ ಎಫ್‌ಐಆರ್ ಪ್ರತಿ ಬೇಕು.