ಡೀಮನ್ ಸ್ಲೇಯರ್: ಜೆನಿತ್ಸು ಬರೀ ಕಿರುಚೋ ಪಾತ್ರ ಅನ್ನೋರಿಗೆ ಏನು ಹೇಳ್ಬೇಕು?

ಮಳೆಬಿಲ್ಲು ಕೇಳಿದ್ದು:

ಡೀಮನ್ ಸ್ಲೇಯರ್ ಅನ್ನೋ ಜಪಾನಿ ಅನಿಮೆಯ ಮಾತು ಬಂದಾಗಲೆಲ್ಲ, ಅದರಲ್ಲಿನ ರಾಕ್ಷಸ ಬೇಟೆಗಾರ ಜೆನಿತ್ಸು ಮೇಲೆ ಅದೇ ಮೂರು ದೂರು. ಸುಮ್ಸುಮ್ನೆ ಕಿರುಚ್ತಾನೆ. ದಾರೀಲಿ ಸಿಕ್ಕ ಹುಡುಗಿಗೆ ಜೋತುಬಿದ್ದು ಮದುವೆಯಾಗು ಅಂತಾನೆ. ಗೆಲ್ಲೋದೆಲ್ಲ ನಿದ್ದೇಲಿ, ಹಾಗಾಗಿ ಅದು ಅವನ ಧೈರ್ಯವೇ ಅಲ್ಲ. ಮೊದಲ ಸೀಸನ್‌ನ 11, 12ನೇ ಎಪಿಸೋಡ್ ಓಡಿಸಿಬಿಡಿ ಅಂತ ಹೊಸಬರಿಗೆ ಸಲಹೆ ಬೇರೆ ಕೊಡ್ತಾರೆ.

ಇದು ಆ ಪಾತ್ರಕ್ಕೆ ಮಾಡೋ ಅನ್ಯಾಯ. ಆದ್ರೆ "ತಾಳಿ, ಮುಂದೆ ಚೆನ್ನಾಗಿ ಬರ್ತಾನೆ" ಅನ್ನೋ ಉತ್ತರಕ್ಕೆ ಯಾರೂ ಬಗ್ಗಲ್ಲ. ಯಾವ ದೃಶ್ಯ, ಅಲ್ಲಿ ಏನು ಗಮನಿಸಬೇಕು ಅಂತ ಬಿಡಿಸಿ ಹೇಳ್ತೀರಾ? ಸ್ಪಾಯ್ಲರ್ ಇದ್ರೆ ಮೊದಲೇ ತಿಳಿಸಿ.

ಕಿವಿಗೊಟ್ಟವ:

11, 12 ಓಡಿಸಿದವರಿಗೆ 14 ಅರ್ಥ ಆಗಲ್ಲ. ಅದಕ್ಕೇ ಆ ಸಲಹೆ ತಪ್ಪು.

ಜೆನಿತ್ಸುನ ಬುಡ ಇರೋದು ಅವನ ಕಿವಿಯಲ್ಲಿ. ಕಥೆಯ ನಾಯಕ ತಂಜಿರೋಗೆ ಮೂಗು ಹೇಗೋ ಇವನಿಗೆ ಕಿವಿ ಹಾಗೆ. 11ರಲ್ಲಿ ರಾಕ್ಷಸರಿರೋ ಡೋಲಿನ ಮನೆ ಹತ್ತಿರ ಬಂದಾಗ ತಂಜಿರೋಗೆ ರಕ್ತದ ವಾಸನೆ ಬರುತ್ತೆ, ಡೋಲಿನ ಸದ್ದು ಮೊದಲು ಕೇಳಿಸೋದು ಜೆನಿತ್ಸುಗೆ. ಒಳಗಿನ ಅಪಾಯ ಎಲ್ಲರಿಗಿಂತ ಮುಂಚೆ ಅವನ ಕಿವಿಗೆ ಬಿದ್ದಿರುತ್ತೆ. ನಾವು ಅತಿ ಅಂದುಕೊಳ್ಳೋ ಹೆದರಿಕೆಗೆ ಕಾರಣ ಅಲ್ಲೇ ಇದೆ.

12ರಲ್ಲಿ ಶೊಇಚಿ ಅನ್ನೋ ಪುಟ್ಟ ಹುಡುಗನ ಜೊತೆ ಸಿಕ್ಕಿಹಾಕಿಕೊಂಡಿರ್ತಾನೆ. ನಾನು ಸಾಯ್ತೀನಿ ಅಂತ ಅಳ್ತಾನೇ ಇರ್ತಾನೆ, ಆದ್ರೆ ಆ ಹುಡುಗನನ್ನ ಬಿಟ್ಟು ಓಡಲ್ಲ. ಉದ್ದ ನಾಲಿಗೆಯ ರಾಕ್ಷಸ ಎದುರಿಗೆ ಬಂದಾಗ ಪ್ರಜ್ಞೆ ತಪ್ಪಿ ನಿದ್ದೆಗೆ ಜಾರ್ತಾನೆ, ಒಂದೇ ಏಟಿಗೆ ಅದರ ತಲೆ ಹಾರಿಸ್ತಾನೆ. ಎದ್ದ ಮೇಲೆ ರಾಕ್ಷಸನ್ನ ಕೊಂದಿದ್ದು ಶೊಇಚಿ ಅಂತಲೇ ನಂಬಿ, ಆ ಹುಡುಗನಿಗೆ ಕೃತಜ್ಞತೆ ಹೇಳ್ತಾನೆ. ಈ ಸೀನ್‌ಗೆ ನಕ್ಕು ಮುಂದೆ ಹೋಗೋರೇ ಜಾಸ್ತಿ. ಆದ್ರೆ ತಾನು ಬಲಶಾಲಿ ಅಂತ ಅವನಿಗೆ ನಿಜವಾಗ್ಲೂ ಗೊತ್ತಿಲ್ಲ. ಇಷ್ಟು ಮುಗ್ಧನಾದವನನ್ನ ಹೇಡಿ ಅಂತ ಕರೆಯೋಕೆ ಮನಸ್ಸಾದ್ರೂ ಹೇಗೆ ಬರುತ್ತೆ?

ಇನ್ನು ಪೆಟ್ಟಿಗೆಯ ದೃಶ್ಯ. 13ರ ಕೊನೆಯಲ್ಲಿ ಶುರುವಾಗಿ 14ಕ್ಕೆ ದಾಟುತ್ತೆ. ಹಂದಿಮುಖವಾಡದ ಇನ್ನೊಬ್ಬ ಬೇಟೆಗಾರ ಇನೋಸುಕೆ, ತಂಜಿರೋ ಹೊತ್ತು ತಂದ ಪೆಟ್ಟಿಗೆಯೊಳಗಿನ ನೆಜುಕೊನ್ನ (ರಾಕ್ಷಸಿಯಾದ ತಂಜಿರೋ ತಂಗಿ) ಇರಿಯೋಕೆ ಬರ್ತಾನೆ. ಜೆನಿತ್ಸು ಕತ್ತಿ ಎಳೆಯಲ್ಲ. ಪೆಟ್ಟಿಗೆಗೆ ಅಡ್ಡ ಕೂತು, ಮುಖ ಊದಿ ರಕ್ತ ಸುರಿಯೋವರೆಗೂ ಒದೆ ತಿಂತಾನೆ. ಆಗ ಅವನು ಪೂರ್ತಿ ಎಚ್ಚರವಾಗಿದ್ದಾನೆ, ಇದನ್ನ ನೆನಪಿಡಿ. ಪೆಟ್ಟಿಗೆಯೊಳಗೆ ರಾಕ್ಷಸ ಇರೋದು ಸದ್ದಿನಿಂದ ಅವನಿಗೆ ಮೊದಲಿಂದಲೂ ಗೊತ್ತಿತ್ತು. ಆದ್ರೆ ತಂಜಿರೋನಿಂದ ಬರೋ ಸದ್ದು ಅಳು ಬರೋವಷ್ಟು ಮೃದು. ಅಂಥವನು ಇದನ್ನ ಜೀವಕ್ಕಿಂತ ಹೆಚ್ಚು ಅಂದಿದ್ದಾನೆ ಅಂದ್ರೆ ಏನೋ ಕಾರಣ ಇರಬೇಕು ಅಂತ ನಂಬ್ತಾನೆ.

ಅಲ್ಲೇ ಇನ್ನೊಂದು ಮಾತಿದೆ. ಯಾರು ಸುಳ್ಳು ಹೇಳ್ತಿದ್ದಾರೆ ಅಂತ ಅವನಿಗೆ ಕೇಳಿಸುತ್ತೆ, ಆದ್ರೂ ನಂಬಬೇಕು ಅನಿಸಿದವರನ್ನ ನಂಬ್ತಾನೆ. ಹಾಗೇ ನಂಬಿ ನಂಬಿ ಮೋಸ ಹೋದವನು. ಒಬ್ಬಳ ಮಾತು ಕೇಳಿ ಸಾಲ ಮೈಮೇಲೆ ಹಾಕಿಕೊಂಡ, ಅವಳು ಇನ್ನೊಬ್ಬನ ಜೊತೆ ಹೋದಳು. ಆ ಸಾಲ ತೀರಿಸಿ ಇವನನ್ನ ಕರೆದುಕೊಂಡು ಹೋದವರೇ ಗುರು ಜಿಗೊರೊ ಕುವಜಿಮಾ, ಹಿಂದೆ ಗುಡುಗಿನ ಹಶಿರಾ, ಅಂದ್ರೆ ರಾಕ್ಷಸ ಬೇಟೆಗಾರರ ದಳದ ಅಗ್ರ ಯೋಧರಲ್ಲಿ ಒಬ್ಬರು, ಆಗಿದ್ದವರು.

ಮೊದಲನೇ ಪಟ್ಟು:

ಮೇಲಿನವರು ಸ್ವಭಾವ ಹೇಳಿದ್ದಾರೆ, ನಾನು ಕತ್ತಿವರಸೆ ಬಗ್ಗೆ ಹೇಳ್ತೀನಿ. ಮೂರನೇ ದೂರಿಗೆ ಉತ್ತರ ಅಲ್ಲಿದೆ.

ಜೆನಿತ್ಸು ಕಲಿತ ಕತ್ತಿವರಸೆಯ ಶೈಲಿ ಗುಡುಗಿನ ಉಸಿರಾಟ, ಅದರಲ್ಲಿ ಮೂಲತಃ ಆರು ಪಟ್ಟುಗಳು. ಜೆನಿತ್ಸುಗೆ ಬಂದಿದ್ದು ಮೊದಲನೆಯದು ಮಾತ್ರ, ಹೆಕಿರೆಕಿ ಇಸ್ಸೆನ್. ಕತ್ತಿ ಒರೆಯಲ್ಲೇ ಇರಬೇಕು, ಮೈ ಮುಂದಕ್ಕೆ ಬಾಗಬೇಕು, ಉಸಿರಿನ ಬಲವೆಲ್ಲ ಕಾಲಿಗೆ ಇಳಿಯಬೇಕು. ಆಮೇಲೆ ಒಂದೇ ನೆಗೆತ, ದಾಟೋವಾಗಲೇ ಕತ್ತಿ ಎಳೆದು ಕಡಿದು ಮತ್ತೆ ಒರೆಗೆ. ಇದರ ಕೊರತೆಯೂ ಸ್ಪಷ್ಟ: ಓಟ ನೇರ ಗೆರೆಯಲ್ಲಿ, ಏಟು ಒಂದೇ. ಅದು ತಪ್ಪಿದ್ರೆ ಕೈಯಲ್ಲಿ ಬೇರೆ ಪಟ್ಟಿಲ್ಲ. ಎದುರಾಳಿ ಒಮ್ಮೆ ನೋಡಿದ್ರೆ ಮುಂದಿನದನ್ನ ಊಹಿಸಬಹುದು.

17ನೇ ಎಪಿಸೋಡ್ ಈ ಕೊರತೆಯ ಮೇಲೇ ನಿಂತಿದೆ. ನಟಗುಮೊ ಬೆಟ್ಟದ ಜೇಡ ರಾಕ್ಷಸ, ಕೈಗೆ ಕಚ್ಚಿದ ವಿಷ, ಗಡಿಯಾರ ತೋರಿಸಿ "ಇಷ್ಟು ಹೊತ್ತಿಗೆ ನೀನೂ ಜೇಡ ಆಗ್ತೀಯ" ಅನ್ನೋ ಬೆದರಿಕೆ. ಜೆನಿತ್ಸು ಮತ್ತೆ ಮತ್ತೆ ಅದೇ ಭಂಗಿಗೆ ನಿಲ್ಲೋದನ್ನ ನೋಡಿ, ಇವನಿಗೆ ಒಂದೇ ಪಟ್ಟು ಬರೋದು ಅಂತ ರಾಕ್ಷಸ ಕಂಡುಹಿಡಿದು ಹಂಗಿಸ್ತಾನೆ. ಆಗ ಗುರುವಿನ ಮಾತು ನೆನಪಾಗುತ್ತೆ: ಒಂದೇ ಬಂದ್ರೆ ಅದೇ ಸಾಕು, ಅದನ್ನ ತುತ್ತತುದಿವರೆಗೂ ಒಯ್ಯಿ. ಉತ್ತರವಾಗಿ ಅವನು ಹೊಸ ಪಟ್ಟು ಹುಡುಕಲ್ಲ. ಅದೇ ಮೊದಲನೆಯದನ್ನ ಎಡೆಬಿಡದೆ ಆರು ಸಲ, ಮರದಿಂದ ಮರಕ್ಕೆ ಚಿಮ್ಮುತ್ತ ಹೊಡೀತಾನೆ. ನೇರ ಗೆರೆ ಹೋಗಿ ಅಂಕುಡೊಂಕು ಮಿಂಚಾಗುತ್ತೆ, ಊಹೆಗೆ ಸಿಗಲ್ಲ. ಇದನ್ನ ಮಾಡಿದ್ದು ವಿಷ ಏರಿದ ಮೈಯಲ್ಲಿ. ಆ ವಿಷಕ್ಕೆ ಆಮೇಲೆ ಕೈಕಾಲು ಕುಗ್ಗಿ, ದಳದ ಆಸ್ಪತ್ರೆಯಂಥ ಚಿಟ್ಟೆಮನೆಯಲ್ಲಿ ಕಹಿ ಔಷಧಿಗೆ ಅಳ್ತಾ ಮಲಗ್ತಾನೆ. ಆ ಅಳುವನ್ನ ತಮಾಷೆ ಅಂತ ನೋಡೋರು ಅದು ಯಾವ ಗಾಯದ ಅಳು ಅಂತ ಮರೀತಾರೆ.

ಈಗ ನಿದ್ದೆ ವಿಷಯ. ನಿದ್ದೆಯಲ್ಲಿ ಬೇರೆ ಯಾರೋ ಒಳಗೆ ಬರ್ತಾರೆ ಅನ್ನೋದು ಪೂರ್ತಿ ತಪ್ಪು ಓದು. ಆ ಓಟ, ಆ ಉಸಿರು ಮೈಗೆ ಬಂದಿರೋದು ವರ್ಷಗಟ್ಟಲೆ ಅಭ್ಯಾಸದಿಂದ. ಅಳ್ತಾ, ತಪ್ಪಿಸಿಕೊಂಡು ಓಡ್ತಾ, ಗುರು ಎಳೆದು ತಂದಾಗ ಮತ್ತೆ ಮಾಡಿದ ಅಭ್ಯಾಸ. ಎಚ್ಚರದಲ್ಲಿ ಭಯ ಆ ಮೈಯನ್ನ ಕಟ್ಟಿಹಾಕುತ್ತೆ, ನಿದ್ದೇಲಿ ಕಟ್ಟು ಬಿಚ್ಚುತ್ತೆ. ಅಷ್ಟೇ.

ತೆರೆಮರೆ:

ಜೆನಿತ್ಸು ನನಗೂ ಇಷ್ಟ. ಆದ್ರೆ ಎರಡನೇ ದೂರನ್ನ ತಳ್ಳಿಹಾಕಬೇಡಿ. ದಾರೀಲಿ ಅಪರಿಚಿತ ಹುಡುಗಿಗೆ ಅಂಟಿಕೊಂಡು ಗೋಳಾಡೋದು ತಪ್ಪು. ಕಥೆಯೂ ಅದನ್ನ ಸರಿ ಅನ್ನಲ್ಲ: ತಂಜಿರೋ ಅವನನ್ನ ಹಿಡಿದು ಎಳೀತಾನೆ, ಆ ಹುಡುಗಿ ಕೆನ್ನೆಗೆ ಬಾರಿಸ್ತಾಳೆ. ಅದನ್ನ ಮುಗ್ಧತೆ ಅಂತ ಸಮರ್ಥಿಸಿದ್ರೆ ಉಳಿದ ವಾದವೂ ಬಿದ್ದುಹೋಗುತ್ತೆ.

ಕಿರುಚಾಟದ ವಿಷಯದಲ್ಲಿ ಮಾತ್ರ ಪಾತ್ರದ ಜೊತೆ ಮಾಧ್ಯಮವನ್ನೂ ನೋಡಬೇಕು. ಗೊತೊಗೆ ಅವರ ಮೂಲ ಮಂಗಾದಲ್ಲಿ (ಜಪಾನಿ ಕಾಮಿಕ್ಸ್) ಇವನ ಗೋಳು ಎಷ್ಟೋ ಕಡೆ ಪುಟದ ಮೂಲೆಯ ಸಣ್ಣ ಚಿತ್ರ, ಕಣ್ಣು ಹಾಯಿಸಿ ಮುಂದೆ ಹೋಗಬಹುದು. ಅನಿಮೆಯಲ್ಲಿ ಅದೇ ಗೋಳಿಗೆ ಹಿರೊ ಶಿಮೊನೊ ಅವರ ದನಿ ಸಿಕ್ಕಿ ಸೆಕೆಂಡುಗಟ್ಟಲೆ ಎಳೆಯುತ್ತೆ, ಕಣ್ಣು ಮುಚ್ಚಿದ್ರೂ ಕಿವಿ ಬಿಡಲ್ಲ. ಕಿರಿಕಿರಿ ಆಗೋದು ಸಹಜ. ಆದ್ರೆ ಅದೇ ನಟ, ಪಾತ್ರ ನಿದ್ದೆಗೆ ಜಾರಿದ ಕ್ಷಣ ದನಿಯನ್ನ ಎಷ್ಟು ಕೆಳಕ್ಕೆ ಇಳಿಸ್ತಾರೆ ಕೇಳಿ. ಮೊದಲಿನ ಗದ್ದಲ ಇಲ್ಲದಿದ್ರೆ ಆ ತಗ್ಗಿದ ದನಿಗೆ ಬೆಲೆ ಇರ್ತಿರಲಿಲ್ಲ. ಹಾಗಾಗಿ ಮೊದಲ ಸಲ ಜಪಾನಿ ಆಡಿಯೋದಲ್ಲೇ ನೋಡಿ ಅಂತ ನನ್ನ ಸಲಹೆ. 2025ರ ಇನ್ಫಿನಿಟಿ ಕ್ಯಾಸಲ್ ಸಿನಿಮಾ ಇಲ್ಲಿ ಹಿಂದಿ, ತಮಿಳು, ತೆಲುಗಿಗೂ ಡಬ್ ಆಗಿ ಬಂತು. ಕನ್ನಡದವರಿಗೆ ಸಬ್‌ಟೈಟಲ್ ಓದೋದು ಹೇಗೂ ತಪ್ಪಿಲ್ಲ, ಮೂಲ ದನಿಯಾದ್ರೂ ಸಿಗಲಿ.

ಕಿವಿಗೊಟ್ಟವ:

@ತೆರೆಮರೆ ಒಪ್ಪಿದೆ. ಆದ್ರೆ ಹುಡುಗಿಯರ ವಿಷಯದಲ್ಲೇ ಎಂಟರ್‌ಟೇನ್‌ಮೆಂಟ್ ಡಿಸ್ಟ್ರಿಕ್ಟ್ ಭಾಗವನ್ನೂ ಲೆಕ್ಕಕ್ಕೆ ಹಿಡೀಬೇಕು. ಅಲ್ಲಿ ಹೆಣ್ಣುವೇಷದಲ್ಲಿ ಕ್ಯೊಗೊಕು ಅನ್ನೋ ವೇಶ್ಯಾಗೃಹ ಸೇರಿರ್ತಾನೆ. ಅಲ್ಲಿ ವೇಶ್ಯೆಯ ವೇಷದಲ್ಲಿರೋ ದಾಕಿ ಪುಟ್ಟ ಹುಡುಗಿಯೊಬ್ಬಳ ಕಿವಿ ಹಿಡಿದು ಎಳೆಯೋವಾಗ, ದಾಕಿ ಮೇಲ್ದರ್ಜೆಯ ರಾಕ್ಷಸಿ ಅಂತ ಅನುಮಾನ ಬಂದೂ ಅವಳ ಕೈ ಹಿಡೀತಾನೆ. ಎಚ್ಚರದಲ್ಲೇ.

ಆಮೇಲೆ ಹೋರಾಟದಲ್ಲಿ, ನಿದ್ದೆಯಲ್ಲೇ ದಾಕಿಗೆ ಹೇಳ್ತಾನೆ: ಕಿವಿ ಎಳೆದು ಗಾಯ ಮಾಡಿದೆಯಲ್ಲ, ಆ ಹುಡುಗಿಗೆ ಕ್ಷಮೆ ಕೇಳು. ನಿನ್ನ ದುಡ್ಡಲ್ಲಿ ಊಟ ಬಟ್ಟೆ ಕೊಟ್ಟಿದ್ರೂ ಅವರು ನಿನ್ನ ಸ್ವತ್ತಲ್ಲ. ನಿದ್ದೆಯ ಜೆನಿತ್ಸು ಬೇರೆ ಅನ್ನೋರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ಎಚ್ಚರದಲ್ಲಿ ಯಾವ ಹುಡುಗಿಗಾಗಿ ನೊಂದನೋ ನಿದ್ದೆಯಲ್ಲೂ ಅವಳ ಪರವಾಗಿಯೇ ಮಾತಾಡ್ತಿದ್ದಾನೆ. ಕಾಲಿಗೆ ಹಾನಿ ಅಂತ ಗೊತ್ತಿದ್ದೂ ಮೊದಲ ಪಟ್ಟಿನದೇ ಅತಿವೇಗದ ರೂಪವಾದ ದೈವವೇಗ ಬಳಸೋದು ಇದೇ ಹೋರಾಟದಲ್ಲಿ, ಅದೂ ಎರಡೇ ಸಲ ಸಾಧ್ಯ ಅಂತ ಅವನೇ ಹೇಳಿರ್ತಾನೆ. ಎದ್ದ ಮೇಲೆ ಎರಡೂ ಕಾಲು ಮುರಿದಿರೋದಕ್ಕೆ "ಯಾರು ಹೀಗೆ ಮಾಡಿದ್ದು" ಅಂತ ಅಳ್ತಾನೆ.

ಮಳೆಬಿಲ್ಲು:

ಆ ಕಿವಿ ಎಳೆಯೋ ಸೀನ್‌ಗೂ ನಿದ್ದೆಯ ಮಾತಿಗೂ ಇರೋ ಕೊಂಡಿ ಯಾರೂ ಹೇಳಿರಲಿಲ್ಲ, ಇದು ಬೇಕಿತ್ತು. ಕೊನೆಯದೊಂದು: ಎಚ್ಚರದಲ್ಲಿ ಅವನು ಗೆದ್ದ ಹೋರಾಟ ಇದೆಯಾ? ಇನ್ಫಿನಿಟಿ ಕ್ಯಾಸಲ್ ತನಕ ಸ್ಪಾಯ್ಲರ್ ಆದ್ರೂ ಪರವಾಗಿಲ್ಲ.

ಮೊದಲನೇ ಪಟ್ಟು:

ಇನ್ಫಿನಿಟಿ ಕ್ಯಾಸಲ್ ನೋಡದವರು ಇಲ್ಲಿಗೆ ನಿಲ್ಲಿಸಿ.

ಇದೆ, ಕೈಗಾಕು ಜೊತೆಗಿನದು. ಅದೇ ಗುರುವಿನ ಹಿರಿಯ ಶಿಷ್ಯ. ಅವನಿಗೆ ಎರಡರಿಂದ ಆರರವರೆಗೆ ಎಲ್ಲ ಪಟ್ಟೂ ಬರುತ್ತೆ, ಮೊದಲನೆಯದೊಂದು ಬರಲ್ಲ. ಜೆನಿತ್ಸುಗೆ ಸರಿಯಾಗಿ ಅದರ ಉಲ್ಟಾ. ಇಬ್ಬರೂ ಸೇರಿ ತನ್ನ ಉತ್ತರಾಧಿಕಾರಿಗಳಾಗಲಿ ಅಂತ ಜಿಗೊರೊ ಬಯಸಿದ್ರು. ಕೈಗಾಕು ರಾಕ್ಷಸನಾದ, ಆ ಹೊಣೆ ಹೊತ್ತು ಜಿಗೊರೊ ಹೊಟ್ಟೆ ಸೀಳಿಕೊಂಡು ಪ್ರಾಣ ಬಿಟ್ಟರು. ಹಶಿರಾ ತರಬೇತಿ ಭಾಗದ ಕೊನೆಯ ಹೊತ್ತಿಗೆ ಜೆನಿತ್ಸು ಗಲಾಟೆ ನಿಲ್ಲಿಸಿ ಮೌನವಾಗೋದು ಅದಕ್ಕೇ.

ಹೋರಾಟದಲ್ಲಿ ಅವನು ಕಣ್ಣು ತೆರೆದೇ ಇರ್ತಾನೆ, ಹೆದರಿಕೆಯ ಕಿರುಚಾಟ ಇಲ್ಲ. ಅಣ್ಣ ಅಂತ ಕರೆಯೋ ಕೈಗಾಕುನಿಂದ ಯಾವಾಗಲೂ ಅತೃಪ್ತಿಯ ಸದ್ದೇ ಕೇಳ್ತಿತ್ತು, ಎದೆಯೊಳಗೆ ಸುಖ ತುಂಬೋ ಪೆಟ್ಟಿಗೆಗೆ ತೂತಿತ್ತು ಅಂತ ಅವನೇ ಹೇಳ್ತಾನೆ. ಹದಿನಾರರ ಹುಡುಗನ ಮಾತು ಅದು. ಇಷ್ಟು ಸೂಕ್ಷ್ಮವಾಗಿ ಎದುರಾಳಿಯನ್ನ ಅಳೆದವರು ಆ ಕಥೆಯಲ್ಲಿ ಕಮ್ಮಿ.

ಗೆಲ್ಲಿಸೋದು ಏಳನೇ ಪಟ್ಟು. ಅದು ಯಾರೂ ಕಲಿಸಿದ್ದಲ್ಲ, ಜೆನಿತ್ಸು ತಾನೇ ಕಟ್ಟಿದ್ದು. ಗುರು ನಿನಗೆ ಮಾತ್ರ ಗುಟ್ಟಾಗಿ ಕಲಿಸಿದ್ದಾರೆ ಅಂತ ಕೈಗಾಕು ಕೊನೇ ಗಳಿಗೆಯಲ್ಲೂ ಕುದೀತಾನೆ. ಜೆನಿತ್ಸು ಅದನ್ನ ಕಟ್ಟಿದ್ದು ಒಂದು ದಿನ ಅಣ್ಣನ ಪಕ್ಕದಲ್ಲಿ ನಿಂತು ಹೋರಾಡಬೇಕು ಅನ್ನೋ ಆಸೆಯಿಂದ.

ಹೊಸಬರಿಗೆ ತೋರಿಸೋದಾದ್ರೆ 11ರಿಂದ 14, ಆಮೇಲೆ 17 ಬಿಡದೆ ತೋರಿಸಿ. ಎಂಟರ್‌ಟೇನ್‌ಮೆಂಟ್ ಡಿಸ್ಟ್ರಿಕ್ಟ್‌ನ 11 ಎಪಿಸೋಡ್ ಪೂರ್ತಿ ನೋಡಲಿ. ಕೈಗಾಕು ಹೋರಾಟದ ತುಣುಕನ್ನ ಮಾತ್ರ ಯೂಟ್ಯೂಬ್‌ನಲ್ಲಿ ಮೊದಲೇ ತೋರಿಸಬೇಡಿ. ಅದನ್ನ ಮೊದಲು ನೋಡಿದವರು ಹಿಂದಿನ ಜೆನಿತ್ಸುನ ಪ್ರತಿ ಅಳುವನ್ನೂ "ಇವನು ಯಾವಾಗ ಹಾಗಾಗ್ತಾನೆ" ಅಂತ ಕಾಯ್ತಾ ಕೂರ್ತಾರೆ, ಶೊಇಚಿ ದೃಶ್ಯ ಅವರ ಕಣ್ಣಿಗೇ ಬೀಳಲ್ಲ.